ಮಡಲು ಮುಚ್ಚಿದ ಬಾವಿ

ಊರ ಬಾವಿ ಕೆಟ್ಟರೆ ಕಟ್ಟೆಗೆ ಒರಗಿ ಇಣುಕಿಯಾದರೂ ನೋಡಬಹುದು. ನಾಲ್ಕು ಕಿಲೋಮೀಟರ್ ಆಳದ ಬಾವಿ ಮುನಿಸಿಕೊಂಡು ಕೂತರೆ ಏನು ಮಾಡುವುದು? ಉತ್ತರ ಸಮುದ್ರದ ನಡುವೆ ಕಾಲೂರಿ ನಿಂತ, ಅನಿಲದ ಬಾವಿ ಕೊರೆಯುವ ರಿಗ್ಗಿನ ಮೇಲೆ ನಿಶ್ಮಿತಾ ಆ ಬೆಳಿಗ್ಗೆ ಮಾಡಿದ್ದು ಇಷ್ಟು: ಬಾವಿಯ ಬಾಯಿಗೆ ಕೂರಿಸಿದ್ದ ಉಕ್ಕಿನ ಕೊಳವೆಯ ಹತ್ತಿರ ಹೋದಳು, ಬಲಗೈಯ ಗವಸು ಕಳಚಿದಳು, ಅಂಗೈಯನ್ನು ಕೊಳವೆಗೆ ಒತ್ತಿ ನಿಂತಳು. ಗವಸು ತೆಗೆಯಕೂಡದು ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳು ಅವಳೇ. ನಿನ್ನೆ ಇದೇ ಕೊಳವೆ ಗಡಗಡ ನಡುಗುತ್ತಿತ್ತು. ಈಗ ತಣ್ಣಗೆ, ಸುಮ್ಮನೆ ಇತ್ತು.

ಬಾವಿ ಅವಳದು. ಅಂದರೆ ಕಾಗದದ ಮೇಲೆ ಕಂಪನಿಯದು, ಸಮುದ್ರ ಡಚ್ಚರದು, ಒಳಗಿನ ಅನಿಲ ಯಾವ ಕಾಲದ ಯಾವ ಕಾಡಿನದೋ. ಆದರೂ ಬಾವಿ ಅವಳದು. ಉಡುಪಿ ಹತ್ತಿರದ ಕಟಪಾಡಿಯಲ್ಲಿ ಹುಟ್ಟಿ, ಡಚ್ಚರ ನಾಡಿನ ಡೆಲ್ಫ್ಟ್‌ನಲ್ಲಿ ಓದಿ, ವೂರ್‌ಬರ್ಗ್‌ನಲ್ಲಿ ಗಂಡ ಮಗಳೊಂದಿಗೆ ನೆಲೆಸಿದ ನಿಶ್ಮಿತಾ ಇಷ್ಟು ವರ್ಷ ಬೇರೆಯವರ ಬಾವಿಗಳಿಗೆ ಲೆಕ್ಕ ಹಾಕಿಕೊಟ್ಟದ್ದೇ ಬಂತು. ತಾನೇ ನಿಂತು ಮಾಡಿಸಿದ ಮೊದಲ ಬಾವಿ ಇದು. ಎಲ್ಲಿ ಕೊರೆಯಬೇಕು, ಯಾವ ಕಲ್ಲನ್ನು ಸೀಳಬೇಕು, ಎಷ್ಟು ಒತ್ತಬೇಕು ಎಂಬುದೆಲ್ಲ ಅವಳ ತೀರ್ಮಾನ. ನಾಳೆ ಮಧ್ಯಾಹ್ನದೊಳಗೆ ಅದು ಉಸಿರಾಡದಿದ್ದರೆ ಸಿಮೆಂಟ್ ತುಂಬಿ ಶಾಶ್ವತವಾಗಿ ಮುಚ್ಚಿಬಿಡುತ್ತಾರೆ. ರಿಗ್ಗಿಗೆ ಬೇರೆ ಕಡೆ ಕೆಲಸ ಕಾದಿತ್ತು, ಮುಚ್ಚುವುದಕ್ಕೂ ಕೆಲವು ದಿನ ಬೇಕಿತ್ತು, ಅದಕ್ಕೇ ಈ ಗಡುವು.

ಮುಚ್ಚಿದರೆ ಏನಂತೆ, ಇನ್ನೊಂದು ಕೊರೆದರಾಯಿತು ಎನ್ನುವವರು ಇಂಥ ಬಾವಿ ಆಗುವುದನ್ನು ಕಂಡವರಲ್ಲ. ಮೊದಲು ಸಮುದ್ರದ ನೆಲಕ್ಕೆ ಆಳೊಬ್ಬ ಇಳಿಯುವಷ್ಟು ಅಗಲದ ತೂತು. ಅದರೊಳಗೆ ಉಕ್ಕಿನ ಕೊಳವೆ, ಕೊಳವೆಯ ಸುತ್ತ ಸಿಮೆಂಟ್. ಅದರೊಳಗಿಂದ ಇನ್ನೂ ಕಿರಿದಾದ ತೂತು, ಮತ್ತೆ ಕೊಳವೆ, ಮತ್ತೆ ಸಿಮೆಂಟ್. ಹೀಗೆ ಕಿರಿದಾಗುತ್ತಾ ಹೋಗಿ ತಳ ಮುಟ್ಟುವಾಗ ಬಾವಿಯ ಅಗಲ ಒಂದು ಊಟದ ತಟ್ಟೆಯಷ್ಟೂ ಇರುವುದಿಲ್ಲ. ಕೆಳಗೆ ಕೊರೆಯುವ ಹಲ್ಲು ತಿರುಗುತ್ತಿದ್ದಷ್ಟು ಹೊತ್ತೂ ಮೇಲಿನಿಂದ ಕೆಸರನ್ನು ಇಳಿಸುತ್ತಲೇ ಇರಬೇಕು. ಆ ಕೆಸರೇ ಕಲ್ಲಿನ ಪುಡಿಯನ್ನು ಹೊತ್ತು ಮೇಲೆ ತರುತ್ತದೆ, ಒಳಗಿನ ಒತ್ತಡ ಏಳದಂತೆ ಹಿಡಿದಿಡುತ್ತದೆ. ಕೆಸರೆಂದರೆ ಮೂಗು ಮುರಿಯುವವರು ರಿಗ್ಗಿನಲ್ಲಿ ಒಂದು ದಿನವೂ ಬಾಳಲಾರರು.

ಮೂರು ಕಿಲೋಮೀಟರ್ ಇಳಿದ ಹೊತ್ತಿಗೆ ಉಪ್ಪು ಸಿಕ್ಕಿತು. ಒಂದು ಹಿಡಿ ಎರಡು ಹಿಡಿಯಲ್ಲ. ಒಂದು ಸಮುದ್ರಕ್ಕೆ ಸಮುದ್ರವೇ ಒಣಗಿ ಬಿಟ್ಟುಹೋದ ಉಪ್ಪು, ಬೆಟ್ಟವೊಂದನ್ನು ಹೂತಿಡಬಹುದಾದಷ್ಟು ದಪ್ಪ. ಮೇಲೆ ಅಲೆ ಹೊಡೆಯುವ ಸಮುದ್ರ, ಕೆಳಗೆ ಅಲೆ ನಿಂತುಹೋದ ಸಮುದ್ರ. ಎರಡರ ಮಧ್ಯೆ ತೂಗುಬಿದ್ದ ತೆಳ್ಳನೆಯ ಕೊಳವೆಯೊಂದನ್ನು ನೆನೆದಾಗೆಲ್ಲ ನಿಶ್ಮಿತಾಗೆ ಮೈ ಜುಮ್ಮೆನ್ನುತ್ತಿತ್ತು.

ಉಪ್ಪಿನ ಕೆಳಗೆ ಕೆಂಪು ಮರಳುಗಲ್ಲು. ಅದರದೊಂದು ತುಂಡನ್ನು ಕೊರೆದು ಮೇಲೆ ತಂದಿದ್ದರು. ಮೇಜಿನ ಮೇಲೆ ಮಲಗಿಸಿದ್ದ ಆ ತುಂಡಿನಲ್ಲಿ ಓರೆ ಓರೆಯಾಗಿ ಗೆರೆಗಳಿದ್ದವು. ಗಾಳಿ ಮರಳನ್ನು ದಿಬ್ಬದ ಮೇಲೆ ಹಾಸುತ್ತಾ ಹೋದ ಗೆರೆಗಳು. ಡೈನೋಸಾರ್‌ಗಳಿಗಿಂತ ಮುಂಚೆ ಇಲ್ಲಿ ಮರುಭೂಮಿ ಇತ್ತು! ಈ ಮಳೆಯ ನಾಡಿನಲ್ಲಿ, ಛತ್ರಿಯಿಲ್ಲದೆ ತರಕಾರಿ ತರಲಾಗದ ನಾಡಿನಲ್ಲಿ! ಉಗುರಿನಿಂದ ಗೀರಿದಾಗ ಒಂದು ಕಣ ಅವಳ ಬೆರಳಿಗೆ ಅಂಟಿತು. ಈ ಮರಳನ್ನು ನನಗಿಂತ ಮುಂಚೆ ಮುಟ್ಟಿದ್ದು ಗಾಳಿ, ಬೇರೆ ಯಾರೂ ಅಲ್ಲ ಎಂದುಕೊಂಡಳು. ಕಣ್ಣು ತುಂಬಿ ಬಂತು, ಪಕ್ಕದಲ್ಲಿದ್ದವರಿಗೆ ಶೀತ ಎಂದಳು.

ಮರುಭೂಮಿಗೂ ಕೆಳಗೆ ಅದಕ್ಕಿಂತ ಹಳೆಯ ಕಾಡುಗಳು ಕಲ್ಲಿದ್ದಲಾಗಿ ಮಲಗಿದ್ದವು. ಅವುಗಳ ಅನಿಲ ಮೇಲೇರಿ, ಮರಳುಗಲ್ಲಿಗೆ ಹೊಕ್ಕು, ಉಪ್ಪಿನ ಮುಚ್ಚಳದಡಿ ಸಿಕ್ಕಿಬಿದ್ದಿತ್ತು. ಆದರೆ ಇಲ್ಲಿನ ಕಲ್ಲು ಮಹಾ ಜಿಪುಣ. ಹೊಟ್ಟೆ ತುಂಬ ಅನಿಲವಿದೆ, ಬಿಟ್ಟುಕೊಡಲು ದಾರಿಯಿಲ್ಲ. ಹಾಗಾಗಿ ಸೀಳಬೇಕಾಯಿತು.

ಸೀಳಿದ ದಿನ ನೀಲಿ ಹಡಗೊಂದು ಬಂದು ರಿಗ್ಗಿನ ಪಕ್ಕ ನಿಂತಿತ್ತು. ಮೊದಲೇ ಸಿಡಿಮದ್ದು ಇಳಿಸಿ ತಳದ ಕೊಳವೆಗೆ ತೂತುಗಳನ್ನು ಮಾಡಿದ್ದರು. ಈಗ ಹಡಗಿನ ಪಂಪುಗಳು ಗಟ್ಟಿ ಮಾಡಿದ ನೀರನ್ನು ಒಳಕ್ಕೆ ತಳ್ಳತೊಡಗಿದವು. ನೀರನ್ನು ಗಟ್ಟಿ ಮಾಡಿದ್ದು ಗೋರಿಕಾಯಿ ಬೀಜದ ಹಿಟ್ಟಿನಿಂದ. ಹೌದು, ಪಲ್ಯ ಮಾಡುತ್ತೇವಲ್ಲ, ಅದೇ ಗೋರಿಕಾಯಿ. ಆ ಲೋಳೆಯಲ್ಲಿ ರವೆಯಷ್ಟು ಸಣ್ಣ ಪಿಂಗಾಣಿ ಕಾಳುಗಳು ತೇಲಿ ಹೋಗುತ್ತವೆ. ಕಲ್ಲು ಬಿರಿದ ಕೂಡಲೇ ಬಿರುಕಿನೊಳಗೆ ನುಗ್ಗಿ, ಅದು ಮತ್ತೆ ಮುಚ್ಚಿಕೊಳ್ಳದಂತೆ ಆತು ಹಿಡಿದು ನಿಲ್ಲುತ್ತವೆ.

ಪರದೆಯ ಮೇಲೆ ಒತ್ತಡದ ಗೆರೆ ಏರಿತು, ಏರಿತು, ಇನ್ನು ಏರಲಾರದು ಎನ್ನುವಷ್ಟು ಏರಿತು. ಆಮೇಲೆ ಗೆರೆ ಒಮ್ಮೆ ಕುಸಿಯಿತು. ಅಷ್ಟೇ. ಸದ್ದಿಲ್ಲ, ಅದುರಿಲ್ಲ, ಮೇಜಿನ ಮೇಲಿನ ಚಹಾದ ಲೋಟದಲ್ಲಿ ಒಂದು ಅಲೆಯೂ ಇಲ್ಲ. ಆದರೆ ನಾಲ್ಕು ಕಿಲೋಮೀಟರ್ ಕೆಳಗೆ, ಗಾಳಿ ಹಾಸಿದ ಆ ಮರಳಿನಲ್ಲಿ, ತೆಂಗಿನ ಮರಕ್ಕಿಂತ ಎತ್ತರದ, ಬೆರಳಿಗಿಂತ ತೆಳ್ಳನೆಯ ಬಿರುಕೊಂದು ಬಾಯಿಬಿಟ್ಟಿತ್ತು. ನಿಶ್ಮಿತಾ ಕೂತಲ್ಲೇ ಕೈ ಮುಗಿದಳು. ಯಾರಿಗೆ ಮುಗಿದೆ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಕೆಟ್ಟದ್ದು ಎಲ್ಲಿ? ಹೇಳಲು ನಾಚಿಕೆಯಾಗುವಂಥ ಜಾಗದಲ್ಲಿ.

ನಿನ್ನೆ ಬೆಳಿಗ್ಗೆ ಬಾವಿಯನ್ನು ತೆರೆದರು. ತೆರೆಯುವುದೆಂದರೆ ನಲ್ಲಿ ತಿರುಗಿಸಿದ ಹಾಗಲ್ಲ. ಬಾವಿಯ ಬಾಯಲ್ಲಿ ಚೋಕ್ ಎನ್ನುವ ಕವಾಟವಿದೆ. ಅದನ್ನು ಮೊದಲು ಕಡಲೆಕಾಳಿನಷ್ಟು ತೆರೆಯಬೇಕು, ಒಳಗೆ ತುಂಬಿದ ನೀರು ನಿಧಾನ ಹೊರಬರಬೇಕು, ಕಾಳುಗಳು ತಮ್ಮ ಜಾಗದಲ್ಲಿ ಕಚ್ಚಿ ಕೂರಬೇಕು, ಆಮೇಲೆ ಇಷ್ಟಿಷ್ಟೇ ಹಿಗ್ಗಿಸಬೇಕು. ಚೋಕ್ ನೋಡಿಕೊಳ್ಳುವವನು ಫುರ್ಕಾನ್. ಚನ್ನಪಟ್ಟಣದವನು, ಅವಳ ಓರಗೆಯವನು, ಈ ಸಮುದ್ರದ ಎಷ್ಟೋ ಬಾವಿಗಳ ಬಾಯಿ ತೆರೆದವನು. ಮಧ್ಯಾಹ್ನದ ಹೊತ್ತಿಗೆ ನೀರಿನೊಂದಿಗೆ ಗುಳ್ಳೆ ಬಂತು. ರಿಗ್ಗಿನಿಂದ ಸಮುದ್ರದ ಮೇಲಕ್ಕೆ ಚಾಚಿದ ಉದ್ದನೆಯ ತೋಳಿನ ತುದಿಯಲ್ಲಿ ಬೆಂಕಿ ಹೊತ್ತಿತು. ಸಣ್ಣ ಜ್ವಾಲೆ, ಆದರೂ ಅದು ಕಾಡಿನ ಉಸಿರು. ಫುರ್ಕಾನ್ ಶಿಳ್ಳೆ ಹೊಡೆದ.

ಆಗ ಬೌಕೆಯ ಫೋನ್ ಬಂತು. ಬೌಕೆ ಅವಳ ಮೇಲಧಿಕಾರಿ, ಹೇಗ್‌ನ ಕಚೇರಿಯಲ್ಲಿ ಕೂರುವವನು, ಅರವತ್ತು ದಾಟಿದ ಖ್ರೋನಿಂಗನ್ ಪ್ರಾಂತದ ಮನುಷ್ಯ. ಡಚ್ಚರ ವಾಡಿಕೆಯಂತೆ ಅವನನ್ನೂ ಎಲ್ಲರೂ ಹೆಸರು ಹಿಡಿದೇ ಕರೆಯಬೇಕು. ನಿಶ್ಮಿತಾಗೆ ಪ್ರತಿ ಸಲ ದೊಡ್ಡಪ್ಪನನ್ನು ಹೆಸರಿನಿಂದ ಕರೆದಷ್ಟು ಮುಜುಗರ.

"ಚೆನ್ನಾಗಿ ಬರುತ್ತಿದೆಯಲ್ಲ," ಎಂದ ಬೌಕೆ. "ಇನ್ನೂ ಸ್ವಲ್ಪ ತೆರೆಯಬಹುದಾ?"

ತೆರೆಯಬಾರದು. ಕಾಳುಗಳು ಇನ್ನೂ ಕೂತಿಲ್ಲ, ಎಳೆತಕ್ಕೆ ಹೊರಟುಬಂದಾವು. ಅವಳಿಗೆ ಇದು ಬಾಯಿಪಾಠ. ಆದರೆ ಅವಳು ಬೆಳೆದ ಮನೆಯಲ್ಲಿ ದೊಡ್ಡವರು ಒಂದು ಲೋಟ ನೀರು ಸಿಗಬಹುದಾ ಎಂದು ಕೇಳಿದರೆ ಯಾರೂ ಯೋಚಿಸಿ ಉತ್ತರ ಕೊಡುತ್ತಿರಲಿಲ್ಲ, ಎದ್ದು ಹೋಗಿ ನೀರು ತರುತ್ತಿದ್ದರು. ಅವಳು ತೆರೆಯುತ್ತೇನೆ ಎಂದಳು. ಫುರ್ಕಾನ್ ಅವಳ ಮುಖವನ್ನೇ ಒಮ್ಮೆ ನೋಡಿ, ತೆರೆದ.

ಬಾವಿ ಅಬ್ಬರಿಸಿತು. ಜ್ವಾಲೆ ಒಮ್ಮೆಗೇ ಎದ್ದು ನಿಂತ ಪರಿಗೆ ರಿಗ್ಗಿನವರೆಲ್ಲ ಕೆಲಸ ಬಿಟ್ಟು ನೋಡಿದರು. ಕಾಲ ಕೆಳಗಿನ ಕಬ್ಬಿಣ ಗುಂಯ್‌ಗುಟ್ಟಿತು. ಆ ಕ್ಷಣದ ಬೆರಗಿನಲ್ಲಿ ನಿಶ್ಮಿತಾ ತನ್ನ ಅನುಮಾನವನ್ನೂ ಮರೆತಳು. ಆಮೇಲೆ ಕೊಳವೆಯೊಳಗೆ ಚರಚರ ಸದ್ದು. ಪಿಂಗಾಣಿ ಕಾಳುಗಳು. ಹಿಂದೆಯೇ ನೀರು. ಜ್ವಾಲೆ ಕೆಂಪಾಯಿತು, ಗಿಡ್ಡವಾಯಿತು, ಎರಡು ಸಲ ಬಿಕ್ಕಳಿಸಿ ಆರಿಹೋಯಿತು. ಬಾವಿ ತನ್ನ ನೀರಿನಲ್ಲಿ ತಾನೇ ಮುಳುಗಿತ್ತು.

ಇದೀಗ ಕೊಳವೆಯಿಂದ ಕೈ ತೆಗೆದು ಅವಳು ಊಟದ ಕೋಣೆಗೆ ಬಂದಳು. ಫುರ್ಕಾನ್ ಎರಡು ಲೋಟ ಚಹಾ ಇಟ್ಟುಕೊಂಡು ಕೂತಿದ್ದ.

"ನಿಂಗೆ ಗೊತ್ತಿತ್ತು ಅಲ್ವಾ, ತೆಗೀಬಾರ್ದು ಅಂತ?" ಎಂದ.

"ಗೊತ್ತುಂಟು ಮಾರಾಯ. ಹೇಳ್ಲಿಕ್ಕೆ ಆಗ್ಲಿಲ್ಲ. ಅಷ್ಟು ದೊಡ್ಡವರು ಕೇಳುವಾಗ ಬೇಡ ಅಂತ ಹೇಗೆ ಹೇಳುದು?"

"ನಿಮ್ ಉಡುಪಿ ಕಡೆಯವ್ರದ್ದು ಇದೇ ಪ್ರಾಬ್ಲಮ್."

"ನೀನೆಂತಕ್ಕೆ ಹೇಳ್ಲಿಲ್ಲ ಹಾಗಾದ್ರೆ? ಯಾರು ಬೇಕಾದ್ರೂ ಕೆಲಸ ನಿಲ್ಲಿಸ್ಬಹುದು ಅಂತ ಗೋಡೆ ಗೋಡೆಗೆ ಬೋರ್ಡ್ ಉಂಟಲ್ಲ!"

ಫುರ್ಕಾನ್ ಚಹಾದೊಳಗೆ ನೋಡಿದ. "ನಮ್ ಕಡೇನೂ ಹೇಳಲ್ಲ ಕಣಮ್ಮ," ಎಂದ. ಇಬ್ಬರಿಗೂ ನಗು ಬಂತು. ಅಳು ಬರುವ ಹೊತ್ತಿನ ನಗು.

"ಒಳಗೆ ನೈಟ್ರೋಜನ್ ಬಿಟ್ಟು ನೀರು ಎತ್ತೋ ಹಡಗು ಬರಲ್ವಂತೆ. ಅಲೆ ಜಾಸ್ತಿ," ಎಂದ ಫುರ್ಕಾನ್. "ಈಗ ಏನಿದ್ರೂ ಬಾಯಿ ತೆಗೆದಿಟ್ಟು ಕಾಯೋದು, ಅಷ್ಟೇ."

ಅವಳ ಮನಸ್ಸು ಕಟಪಾಡಿಯ ಹಿತ್ತಿಲಿಗೆ ಹೋಗಿತ್ತು. ಬೇಸಿಗೆಯಲ್ಲಿ ಮನೆಯ ಬಾವಿಯ ನೀರನ್ನೆಲ್ಲ ಎತ್ತಿ, ಕೆಸರು ತೆಗೆದು, ತಳ ಕಾಣುವಂತೆ ಮಾಡುತ್ತಿದ್ದರು. ಆಮೇಲೆ ಅಜ್ಜಿ ತೆಂಗಿನ ಮಡಲು ಹೆಣೆದು ಬಾಯಿಗೆ ಮುಚ್ಚಿಸುತ್ತಿದ್ದರು. ಮಾರನೆಯ ಬೆಳಗಿನವರೆಗೆ ಯಾರೂ ಇಣುಕುವಂತಿಲ್ಲ. ಇಣುಕಿದರೆ ಒರತೆಗೆ ನಾಚಿಕೆಯಾಗ್ತದೆ ಎನ್ನುತ್ತಿದ್ದರು ಅಜ್ಜಿ. ಮಕ್ಕಳು ಕೊಡಪಾನ ಹಾಕಿ ತಳ ಕದಡದಿರಲಿ ಎಂಬುದೇ ಅದರ ಹಿಂದಿನ ಸತ್ಯವೆಂದು ನಿಶ್ಮಿತಾಗೆ ದೊಡ್ಡವಳಾದ ಮೇಲೆ ಗೊತ್ತಾಯಿತು. ಆದರೆ ಬೆಳಿಗ್ಗೆ ಮಡಲು ಸರಿಸಿದಾಗ ಕತ್ತಲೊಳಗೆ ತಿಳಿನೀರು ಮಿನುಗುತ್ತಿದ್ದುದೂ ಸತ್ಯವೇ.

"ತೆಗೆದಿಡುದು ಬೇಡ," ಎಂದಳು. "ಮುಚ್ಚುವ."

"ಏನು?"

"ಈಗ ನಾಲ್ಕು ಕಿಲೋಮೀಟರ್ ನೀರು ಮೇಲಿಂದ ಅಮುಕಿ ಕೂತಿದೆ. ಗ್ಯಾಸ್‌ಗೆ ಅದನ್ನು ಎತ್ತುವ ತಾಕತ್ತು ಒಮ್ಮೆಗೇ ಬರುದಿಲ್ಲ. ಆದ್ರೆ ಬಾಯಿ ಮುಚ್ಚಿದ್ರೆ ಒಂದೊಂದೇ ಗುಳ್ಳೆ ನೀರಿನೊಳಗಿಂದ ಮೇಲೆ ಬಂದು ಸೇರ್ತದೆ. ಸೇರಿದಷ್ಟೂ ಒತ್ತಡ. ಆ ಒತ್ತಡ ನೀರನ್ನು ಹಿಂದಕ್ಕೆ, ಬಿರುಕಿನ ಒಳಗೇ ದೂಡ್ತದೆ. ಬೇಕಾದಷ್ಟು ಸೇರಿದ ಮೇಲೆ ಸ್ವಲ್ಪವೇ ಸ್ವಲ್ಪ ತೆರೆಯುದು."

"ಆಗತ್ತೆ, ಮಾಡಿದೀನಿ," ಎಂದ ಫುರ್ಕಾನ್. "ಆದ್ರೆ ಬಿರುಕು ಪೂರ್ತಿ ಮುಚ್ಚಿಹೋಗಿದ್ರೆ ಒಂದು ಗುಳ್ಳೆನೂ ಬರಲ್ಲ. ಉಳಿದಿರೋ ಟೈಮೆಲ್ಲ ಮುಚ್ಚಿಟ್ಟೇ ಕಳೆದ್ರಿ ಅಂತಾರೆ."

"ಗೊತ್ತುಂಟು," ಎಂದಳು ನಿಶ್ಮಿತಾ. ಫೋನ್ ಮಾಡಲು ಎದ್ದಳು.

ಬೌಕೆ ಕರೆಗೇ ಕಾದಿದ್ದಂತಿತ್ತು. ಅವನ ಮಾತು ಎಂದಿನಂತೆ ಚುಟುಕು. "ರಾತ್ರಿಯಿಡೀ ಪೂರ್ತಿ ತೆರೆದಿಟ್ಟು ನೋಡೋಣವಾ?"

ಸಮುದ್ರ ಕೊರೆದವಳಿಗೆ, ಕಲ್ಲು ಸೀಳಿದವಳಿಗೆ ಒಂದು ಪುಟ್ಟ ಶಬ್ದ ಹೊರಡಿಸಲು ಇಷ್ಟು ಕಷ್ಟ!

"ಬೇಡ," ಎಂದಳು. "ಮುಚ್ಚಬೇಕು. ನಾಳೆ ಬೆಳಗಿನವರೆಗೆ."

ಈಗ ಬೈಯುತ್ತಾನೆ ಎಂದು ಅವಳು ಕಣ್ಣು ಮುಚ್ಚಿದಳು.

"ಖೂಟ್," ಎಂದ ಬೌಕೆ. ಡಚ್ಚರ 'ಸರಿ' ಅದು. ಚಹಾಕ್ಕೆ ಸಕ್ಕರೆ ಬೇಡವೆಂದರೂ ಅವರು ಇದೇ ದನಿಯಲ್ಲಿ ಖೂಟ್ ಎನ್ನುತ್ತಾರೆ. "ಹಾಗೇ ಮಾಡು. ಆದರೆ ನಿನ್ನೆ ಯಾಕೆ ಬೇಡ ಅನ್ನಲಿಲ್ಲ?"

"ನೀವು ತೆರೆಯಲು ಹೇಳಿದಿರಿ."

"ನಾನು ಹೇಳಲಿಲ್ಲ, ಕೇಳಿದೆ. ಇಲ್ಲಿ ನನ್ನ ಕಿಟಕಿಯಿಂದ ಟ್ರಾಮ್ ಕಾಣುತ್ತದೆ, ಬಾವಿ ಕಾಣುವುದಿಲ್ಲ. ಅದಕ್ಕೇ ಕೇಳಿದೆ." ಬೌಕೆ ಮುಂದುವರಿಸಿದ. "ನಮ್ಮೂರ ಮನೆಯ ಗೋಡೆಯಲ್ಲಿ ಒಂದು ಬಿರುಕಿದೆ, ನಿಶ್ಮಿತಾ. ಬೆರಳು ತೂರುತ್ತದೆ. ಕೆಳಗಿನ ಅನಿಲ ತೆಗೆದೂ ತೆಗೆದೂ ನೆಲ ಅದುರಿ ಆದದ್ದು. ಆ ಕಾಲದಲ್ಲಿ ನಾನೂ ಬಾವಿಗಳ ಮೇಲೇ ಇದ್ದೆ. ಯಾರಾದರೂ ಇನ್ನೂ ಸ್ವಲ್ಪ ತೆರೆಯಬಹುದಾ ಎಂದು ಕೇಳಿದರೆ, ಆಗಬಹುದು ಎನ್ನುತ್ತಿದ್ದೆ. ನನ್ನ ಹೆಂಡತಿ ಆ ಬಿರುಕಿನ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಾಳೆ. ನಾನು ಕೇಳಿದಾಗ ನೀನು ನಿಜ ಹೇಳಬೇಕು, ಅಷ್ಟೇ."

ಫೋನ್ ಇಟ್ಟ ಮೇಲೆ ನಿಶ್ಮಿತಾಗೆ ನಾಚಿಕೆಯಾಯಿತು, ಹಗುರವೂ ಆಯಿತು. ಅವಳಿಗೆ ಬೌಕೆಯ ಮೇಲೆ ಮೊದಲ ಬಾರಿ ಪ್ರೀತಿ ಹುಟ್ಟಿತು.

ಫುರ್ಕಾನ್ ಬಾವಿಯ ಬಾಯಿ ಮುಚ್ಚಿದ. ಒತ್ತಡದ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಅದನ್ನು ನೋಡುತ್ತಿರುವುದು ಕಂಟ್ರೋಲ್ ರೂಮಿನವರ ಕೆಲಸ, ಅವರು ನೋಡುತ್ತಿದ್ದರು. ನಿಶ್ಮಿತಾ ನೋಡಲಿಲ್ಲ. ಊಟ ಮಾಡಿದಳು, ಮಗಳ ಹತ್ತಿರ ಮಾತಾಡಿದಳು, ಮೂರು ಸಲ ಕಂಟ್ರೋಲ್ ರೂಮಿನ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಒರತೆಗೆ ನಾಚಿಕೆಯಾಗುವುದಿಲ್ಲ ಎಂದು ಎರಡು ಪದವಿ ಪಡೆದವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ನೋಡಲಿಲ್ಲ. ನೋಡಿದರೆ ಕೈ ಸುಮ್ಮನಿರುವುದಿಲ್ಲ, ತೆರೆದು ನೋಡುವ ಎನ್ನಿಸುತ್ತದೆ. ಅಜ್ಜಿಗೆ ಮಕ್ಕಳ ಕೈಯ ವಿಷಯ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಗಾಳಿ ಇಳಿದಿತ್ತು. ಸಮುದ್ರ ಬೂದು ಬಣ್ಣದಲ್ಲಿ ಮಲಗಿತ್ತು. ಫುರ್ಕಾನ್ ಬಾವಿಯ ಹತ್ತಿರವೇ ನಿಂತಿದ್ದ. ಮುಖದಲ್ಲಿ ಏನನ್ನೂ ತೋರಿಸಿಕೊಳ್ಳದೆ ಅವನು ಮುಳ್ಳಿನ ಕಡೆ ಗಲ್ಲ ಎತ್ತಿದ.

ಮುಳ್ಳು ಸೊನ್ನೆಯಲ್ಲಿರಲಿಲ್ಲ. ಸೊನ್ನೆಯನ್ನು ಬಿಟ್ಟು ಎಷ್ಟೋ ದೂರ ಬಂದು, ಇನ್ನೂ ಏರುತ್ತಾ, ಅಂಚಿನಲ್ಲಿ ಸಣ್ಣಗೆ ನಡುಗುತ್ತಿತ್ತು. ನಿಶ್ಮಿತಾ ಬಾಯಿಗೆ ಕೈ ಅಡ್ಡ ಹಿಡಿದಳು. ರಾತ್ರಿಯೆಲ್ಲ, ಅವಳು ನಿದ್ದೆ ಬಾರದೆ ಹೊರಳಾಡುತ್ತಿದ್ದಾಗ, ಸಮುದ್ರದ ಕೆಳಗೆ, ಉಪ್ಪಿನ ಕೆಳಗೆ, ಆ ಕೆಂಪು ಮರಳಿನಿಂದ ಗುಳ್ಳೆಗಳು ಒಂದರ ಹಿಂದೊಂದು ಹೊರಟು ನಾಲ್ಕು ಕಿಲೋಮೀಟರ್ ಕತ್ತಲನ್ನು ಏರಿ ಬಂದಿದ್ದವು. ಯಾರೂ ಕರೆದಿರಲಿಲ್ಲ, ಯಾರೂ ಎಳೆದಿರಲಿಲ್ಲ.

"ತೆಗೀಲಾ?" ಎಂದ ಫುರ್ಕಾನ್.

"ಕಡಲೆಕಾಳಿನಷ್ಟು. ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಬೇಡ."

ಮೊದಲು ಗಾಳಿಯಂಥ ಸದ್ದು. ಆಮೇಲೆ ನೀರು, ಬೂದು ಬಣ್ಣದ ಲೋಳೆ ನೀರು, ಒಂದೇ ಸಮ ಬಂತು. ಬಂದು ಬಂದು ತೆಳುವಾಯಿತು. ಕಾಳಿನ ಚರಚರ ಇರಲಿಲ್ಲ. ತೋಳಿನ ತುದಿಯಲ್ಲಿ ಜ್ವಾಲೆ ಹೊತ್ತಿತು. ಸಣ್ಣದಾಗಿ, ಮೊದಲು ಕೆಂಪಗೆ, ಆಮೇಲೆ ಹಳದಿ, ಆಮೇಲೆ ಬುಡದಲ್ಲಿ ನೀಲಿ. ಹಗಲಿನ ಬೆಳಕಿನಲ್ಲಿ ನೀಲಿ ಕಂಡೂ ಕಾಣದಂತಿತ್ತು, ಅದರ ಮೇಲಿನ ಗಾಳಿ ಮಾತ್ರ ಕಣ್ಣೆದುರೇ ಕರಗಿ ಅಲುಗುತ್ತಿತ್ತು. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಯಾವುದೋ ಕಾಡಿನ ಎಲೆಗಳ ಮೇಲೆ ಬಿದ್ದ ಬಿಸಿಲು ಅದು. ಅಷ್ಟು ಕಾಲ ಕಲ್ಲಿನೊಳಗೆ ಇದ್ದು ಈಗ ಹೊರಬಂದು ಅವಳ ಕೆನ್ನೆಯನ್ನು ಬೆಚ್ಚಗೆ ಮಾಡುತ್ತಿತ್ತು.

"ಮಾಷಾ ಅಲ್ಲಾಹ್," ಎಂದ ಫುರ್ಕಾನ್, ತುಂಬ ಮೆಲ್ಲಗೆ.

ಮಧ್ಯಾಹ್ನದ ಗಡುವು ಬಂತು, ಹೋಯಿತು. ಸಿಮೆಂಟಿನ ಮಾತನ್ನು ಯಾರೂ ಎತ್ತಲಿಲ್ಲ. ಫುರ್ಕಾನ್ ಚೋಕ್ ಅನ್ನು ಒಂದು ಎಳೆ ಹಿಗ್ಗಿಸುವುದು, ಕಾಯುವುದು, ಮತ್ತೆ ಒಂದು ಎಳೆ, ಸಂಜೆಯವರೆಗೂ ಅದೇ. ನೀರು ನಿಂತಿತು, ಅನಿಲ ಶುಭ್ರವಾಯಿತು. ಆಮೇಲೆ ಅದನ್ನು ಪಕ್ಕದ, ಅನಿಲ ಸಂಗ್ರಹಿಸುವ ಪ್ಲಾಟ್‌ಫಾರ್ಮಿಗೆ, ಅಲ್ಲಿಂದ ಸಮುದ್ರದ ತಳದ ಪೈಪಿಗೆ ತಿರುಗಿಸಿದರು. ಆ ಪೈಪು ದಡದ ಡೆನ್ ಹೆಲ್ಡರ್‌ವರೆಗೆ ಹೋಗುತ್ತದೆ. ಮುಂದೆ ಎಲ್ಲ ಬಾವಿಗಳ ಅನಿಲವೂ ಬೆರೆತು ಹೋಗುವುದರಿಂದ ಯಾರ ಮನೆಯ ಒಲೆಯಲ್ಲಿ ಯಾವ ಕಾಡು ಉರಿಯುತ್ತದೆ ಎಂದು ಯಾರೂ ಹೇಳಲಾರರು. ತೋಳಿನ ತುದಿಯ ಜ್ವಾಲೆ ಗಿಡ್ಡವಾಗಿ ಆರಿಹೋಯಿತು. ಮೊನ್ನೆ ಆರಿದಾಗ ಎದೆ ಒಡೆದಿತ್ತು. ಈ ಸಲ ಆರಿದ್ದಕ್ಕೆ ರಿಗ್ಗಿನವರೆಲ್ಲ ಚಪ್ಪಾಳೆ ತಟ್ಟಿದರು.

ನಿಶ್ಮಿತಾ ಮತ್ತೆ ಗವಸು ಕಳಚಿ ಕೊಳವೆಗೆ ಅಂಗೈ ಒತ್ತಿದಳು. ಅಷ್ಟರಲ್ಲಿ ಕಂಟ್ರೋಲ್ ರೂಮಿನವರು ಬೌಕೆಯ ಕರೆಯನ್ನು ಅವಳ ರೇಡಿಯೋಗೆ ಜೋಡಿಸಿಕೊಟ್ಟರು.

"ಅಭಿನಂದನೆ," ಎಂದ ಬೌಕೆ. ಗಂಟಲು ಸರಿಮಾಡಿಕೊಂಡ. "ಇನ್ನೂ ಸ್ವಲ್ಪ ತೆರೆಯಬಹುದಾ?"

"ಇಲ್ಲ," ಎಂದಳು ನಿಶ್ಮಿತಾ.

ಅಂಗೈಯ ಕೆಳಗೆ ಕೊಳವೆ ಬೆಚ್ಚಗಿತ್ತು, ಒಂದೇ ಸಮನೆ ನಡುಗುತ್ತಿತ್ತು.